ಒಬ್ಬರಿಗೆ ನಗು, ಒಬ್ಬರಿಗೆ ನಂಬಿಕೆ

2003ರ ಏಪ್ರಿಲ್‌ನಲ್ಲಿ ಅಮೆರಿಕದ ಟ್ಯಾಂಕುಗಳು ಬಗ್ದಾದಿಗೆ ನುಗ್ಗಿದ್ದರೂ ಅವು ಬಂದೇ ಇಲ್ಲವೆಂದು ಇರಾಕಿನ ವಾರ್ತಾ ಸಚಿವ ಮುಹಮ್ಮದ್ ಸಈದ್ ಅಲ್ ಸಹ್ಹಾಫ್ ಪತ್ರಕರ್ತರೆದುರು ವಾದಿಸಿದರು. ಜಗತ್ತು ಬಿದ್ದು ಬಿದ್ದು ನಕ್ಕಿತು.

ಅದೇ ವರ್ಷದ ಜನವರಿಯಲ್ಲಿ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿರುವುದು ಖಚಿತವೆಂದು ಶ್ವೇತಭವನದ ವಕ್ತಾರ ಆರಿ ಫ್ಲೀಷರ್ ಹೇಳಿದ್ದರು. ಆ ಮಾತು ನಗೆಪಾಟಲಾಗಲಿಲ್ಲ, ಸುದ್ದಿಯಾಯಿತು, ಯುದ್ಧವೂ ಆಯಿತು. ಅಂತಹ ದಾಸ್ತಾನು ಇರಲಿಲ್ಲವೆಂದು 2004ರಲ್ಲಿ ಅಮೆರಿಕದ್ದೇ ತನಿಖಾ ತಂಡ ವರದಿ ಕೊಡುವಷ್ಟರಲ್ಲಿ ಸಾವಿರಾರು ಇರಾಕಿಗಳು ಮಣ್ಣು ಸೇರಿಯಾಗಿತ್ತು.

ವಕ್ತಾರರು ಒಡೆಯನ ಮಾತಾಡುತ್ತಾರೆ, ಅದು ಅವರ ಕಸುಬು. ನಮ್ಮ ತಕರಾರು ಇರುವುದು ಅದನ್ನು ಹಾಗೆಯೇ ಬರೆದುಕೊಂಡವರ ಬಗ್ಗೆ. ಅಮಾಯಕ ಇರಾಕಿಗಳ ಮೇಲೆ ಬಾಂಬು ಹಾಕುವುದೇಕೆಂದು ಫ್ಲೀಷರ್‌ರನ್ನು ಮುಖಾಮುಖಿ ಪ್ರಶ್ನಿಸಿದ ಹೆಲೆನ್ ಥಾಮಸ್‌ರಂತಹವರು ವಿರಳ. ಪರಿಶೀಲಿಸದೆ ಸುದ್ದಿ ನಂಬಿ ಜನರಿಗೆ ಹಾನಿ ಮಾಡಬಾರದೆಂಬ ಕುರ್‌ಆನಿನ ಎಚ್ಚರಿಕೆ ಪತ್ರಿಕಾಗೋಷ್ಠಿಗಳಿಗೂ ಸಲ್ಲುತ್ತದೆ.