ರಕ್ತದ ಅಂಕಿ ಹಣೆಬರಹವಲ್ಲ

‘ಹೃದಯ ವೈಫಲ್ಯ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಎದೆಗುಂದುವುದನ್ನು ಮಮದಾಪುರದ ಸುತ್ತಿನ ಹಳ್ಳಿಗಳಲ್ಲಿ ಕಾಣುತ್ತೇವೆ. ಹೃದಯ ನಿಂತುಹೋಯಿತೆಂಬುದು ಅದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪೂರೈಸುವ ಅದರ ಶಕ್ತಿ ಕುಂದಿದೆ ಎಂದಷ್ಟೇ ತಿಳಿಯಬೇಕು.

ಏದುಸಿರು, ಕಾಲಿನ ಬಾವು ಕಣ್ಣಿಗೆ ಕಾಣುತ್ತವೆ; ಒಳಗಿನ ಉರಿಯೂತ ಕಾಣದು. ಅದರ ಸುಳಿವನ್ನು ರಕ್ತವು ಕೊಡುತ್ತದೆ. ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಸಿ-ರಿಯಾಕ್ಟಿವ್ ಪ್ರೋಟೀನನ್ನು (ಸಿ.ಆರ್.ಪಿ.) 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳಲ್ಲಿ ಗುರುತಿಸಿದರು. ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ನ್ಯೂಟ್ರೋಫಿಲ್ ಹೆಚ್ಚಿ ಲಿಂಫೋಸೈಟ್ ಕುಗ್ಗಿದ್ದರೂ ಅಂಥದೇ ಸೂಚನೆ. ದೀರ್ಘಕಾಲದ ಹೃದಯ ವೈಫಲ್ಯದಲ್ಲಿ ಈ ಅಂಕಿಗಳು ಏರಿದವರಿಗೆ ಮರಳಿ ಆಸ್ಪತ್ರೆ ಸೇರುವ ಹಾಗೂ ಸಾವಿನ ಅಪಾಯ ಹೆಚ್ಚೆಂದು ಅನೇಕ ಅಧ್ಯಯನಗಳು ಕಂಡಿವೆ.

ಆದರೆ ಇಲ್ಲಿ ಎರಡು ತಪ್ಪುಗಳಾಗುತ್ತವೆ. ಅಂಕಿಯನ್ನೇ ಹಣೆಬರಹವೆಂದು ನಂಬುವುದು ಮೊದಲನೆಯದು. ಹಲ್ಲಿನ ಸೋಂಕು, ಕೆಮ್ಮು-ಜ್ವರ, ಕೀಲುವಾತ, ಬೊಜ್ಜುಗಳಿಂದಲೂ ಸಿ.ಆರ್.ಪಿ. ಏರುತ್ತದೆ. ಸಾವಿರಾರು ಜನರ ಸರಾಸರಿಯು ನಮ್ಮ ಮನೆಯ ಒಬ್ಬ ಹಿರಿಯರ ಆಯುಷ್ಯವನ್ನು ಹೇಳಲಾರದು.

ಉರಿಯೂತ ಇಳಿಸಿದರೆ ಹೃದಯ ಸುಧಾರಿಸೀತೆಂಬ ಅವಸರ ಎರಡನೆಯದು. ಈ ಆಸೆಯಿಂದಲೇ 2000ದ ದಶಕದ ಆರಂಭದಲ್ಲಿ ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಗಳನ್ನು ಪರೀಕ್ಷಿಸಲಾಯಿತು. ಮೊದಲನೆಯದರಿಂದ ಪ್ರಯೋಜನವಾಗಲಿಲ್ಲ, ಎರಡನೆಯದರ ಹೆಚ್ಚಿನ ಪ್ರಮಾಣದಿಂದ ಕೇಡೇ ಆಯಿತು. ಉರಿಯೂತ ಹೃದ್ರೋಗದ ಸಂಗಾತಿ ನಿಜ; ಅದೊಂದೇ ಅದರ ಬೇರಲ್ಲ.

ನಮ್ಮ ಭಾಗದಲ್ಲಿ ಈ ಅವಸರಕ್ಕೆ ಇನ್ನೊಂದು ರೂಪವಿದೆ. ಕಬ್ಬು ಕಡಿದು ಸೊಂಟ ನೊಂದವರು, ಮಂಡಿ ಹಿಡಿದ ವೃದ್ಧರು ಔಷಧಿ ಅಂಗಡಿಯಲ್ಲಿ ಕೇಳಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ಗುಳಿಗೆ ನುಂಗುತ್ತಾರೆ. ಇವೂ ಉರಿಯೂತ ಶಾಮಕಗಳೇ. ಆದರೆ ದೇಹದಲ್ಲಿ ಉಪ್ಪು-ನೀರು ನಿಲ್ಲಿಸಿ, ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು, ದುರ್ಬಲ ಹೃದಯವನ್ನು ಮತ್ತಷ್ಟು ಕೆಡಿಸುತ್ತವೆ. ವೈದ್ಯರಿಗೆ ಹೃದಯದ ವಿಷಯ ತಿಳಿಸದೆ ಇವನ್ನು ಮುಟ್ಟಲೇಬಾರದು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಸಿ.ಆರ್.ಪಿ. ಏರಿದ್ದರೆ ಸೋಂಕು ಎಲ್ಲಿದೆಯೆಂದು ವೈದ್ಯರಿಂದ ಹುಡುಕಿಸಿರಿ. ಗಾಬರಿಗೊಂಡು ಮೇಲಿಂದ ಮೇಲೆ ಪರೀಕ್ಷೆಗೆ ಹಣ ಸುರಿಯಬೇಡಿರಿ. ಆ ಹಣ ನಿತ್ಯದ ಗುಳಿಗೆಗೆ ಒದಗಲಿ. ಆರಾಮಾಯಿತೆಂದು ಅದನ್ನು ನಡುವೆ ಬಿಡಬಾರದು. ಉಪ್ಪಿನಕಾಯಿ, ಹಪ್ಪಳ ದೂರವಿರಲಿ. ದಿನವೂ ಬೆಳಿಗ್ಗೆ ತೂಕ ನೋಡಿರಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅಂದೇ ವೈದ್ಯರನ್ನು ಕಾಣಿರಿ. ತಂಬಾಕು ಬಿಡಿರಿ.

ಈ ಕಾಯವು ಪ್ರಸಾದವೆಂದು ನಂಬಿದವರು ನಾವು. ಅದನ್ನು ಕಾಪಾಡಿಕೊಳ್ಳುವುದೂ ಕಾಯಕವೇ. ಅಂಕಿಗೆ ಅಂಜಿ ಕೈಚೆಲ್ಲುವುದು ಶರಣಮಾರ್ಗವಲ್ಲ.