ಪಡುಗಡಲು ಕಲಿಸುವ ಹೊಸ ಪಾಠ

ಮೂಡಣ ಕಡಲು ಉಗ್ರ, ಪಡುವಣ ಕಡಲು ಸೌಮ್ಯ ಎಂಬುದು ನನ್ನ ತಲೆಮಾರಿನವರು ಶಾಲೆಯಲ್ಲಿ ಕಲಿತ ಪಾಠ. ಅದು ಸುಳ್ಳೇನೂ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳು ಹುಟ್ಟಿದರೆ ಅರಬ್ಬೀ ಸಮುದ್ರದಲ್ಲಿ ಹುಟ್ಟುತ್ತಿದ್ದುದು ಸುಮಾರಾಗಿ ಒಂದು. ಆದರೆ ಆ ಪಾಠಕ್ಕೆ ತಿದ್ದುಪಡಿ ಬೇಕೆಂದು ಈಗ ಕಡಲೇ ಹೇಳುತ್ತಿದೆ. 2019ರ ಒಂದೇ ವರ್ಷದಲ್ಲಿ ಪಡುಗಡಲು ಐದು ಚಂಡಮಾರುತಗಳನ್ನು ಕಂಡಿತು. 2021ರ ಮೇ ತಿಂಗಳಿನಲ್ಲಿ ತೌಕ್ತೆ ನಮ್ಮ ಕರಾವಳಿಯ ಮನೆ, ರಸ್ತೆಗಳನ್ನು ಕೊಚ್ಚುತ್ತ ಗುಜರಾತಿನತ್ತ ಸಾಗಿತು. 2023ರ ಜೂನಿನಲ್ಲಿ ಬಿಪರ್‌ಜಾಯ್ ಒಂದು ವಾರಕ್ಕೂ ಮೀರಿ ಕಡಲ ಮೇಲೆಯೇ ಅಲೆದಾಡಿತು.

ಇವು ಕೇವಲ ಆಕಸ್ಮಿಕಗಳೆ? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆಗಳನ್ನು ತೂಗಿ ನೋಡಿದ್ದಾರೆ. ಆ ಅವಧಿಯ ಮೊದಲರ್ಧಕ್ಕೆ ಹೋಲಿಸಿದರೆ, 2001ರ ಈಚೆಗೆ ಅರಬ್ಬೀ ಸಮುದ್ರದ ಚಂಡಮಾರುತಗಳು ನೂರಕ್ಕೆ 52ರಷ್ಟು ಹೆಚ್ಚಿವೆ. ಬಂಗಾಳ ಕೊಲ್ಲಿಯಲ್ಲಾದರೋ ಅವು ತುಸು ತಗ್ಗಿವೆ. ಲೋಕದಲ್ಲೆಲ್ಲ ಚಂಡಮಾರುತಗಳ ಎಣಿಕೆಯೇ ಏರುತ್ತಿದೆಯೆಂದು ಇದರಿಂದ ಭಾವಿಸಬಾರದು. ಏರುತ್ತಿರುವುದು ಅವುಗಳಲ್ಲಿ ಪ್ರಚಂಡವಾದವುಗಳ ಪಾಲು.

ಕಾರಣ ಕಾವು. ಮೇಲಣ ನೀರು ಸುಮಾರು 26 ಡಿಗ್ರಿಗೂ ಮೀರಿ ಕಾದಲ್ಲದೆ ಚಂಡಮಾರುತ ಹುಟ್ಟದು. ಮನುಷ್ಯನ ಹೊಗೆಯಿಂದ ಭೂಮಿಯಲ್ಲಿ ಸೇರಿದ ಹೆಚ್ಚಿನ ಕಾವಿನಲ್ಲಿ ನೂರಕ್ಕೆ ತೊಂಬತ್ತು ಪಾಲನ್ನೂ ಮೀರಿ ನುಂಗಿರುವುದು ಕಡಲು. ಹಾಗೆ ನುಂಗಿದ್ದರಲ್ಲಿ ಒಂದಂಶವೇ ಬಿರುಗಾಳಿಯ ಮೇವಾಗುತ್ತಿದೆ.

ಚಂಡಮಾರುತ ನೆಲಕ್ಕೆ ಏನು ಮಾಡಿತೆಂಬುದನ್ನು ಪತ್ರಿಕೆಗಳು ವಿವರವಾಗಿ ಬರೆಯುತ್ತವೆ. ಕಡಲಿಗೆ ಏನು ಮಾಡಿತೆಂದು ಕೇಳುವವರು ವಿರಳ. ಅದು ಮಾಡುವುದು ಅಕ್ಷರಶಃ ಸಮುದ್ರಮಥನ. ಗಾಳಿಯ ಕಡೆಗೋಲು ತಿರುಗಿದಂತೆ ಆಳದ ತಣ್ಣೀರು ಮೇಲೇಳುತ್ತದೆ; ಮೇಲಣ ಕಾವಿನಲ್ಲಿ ಒಂದಷ್ಟು ಕೆಳಗಿಳಿದು ಅಲ್ಲಿಯೇ ಉಳಿಯುತ್ತದೆ. ತಣ್ಣೀರಿನೊಡನೆ ಬಂದ ಪೋಷಕ ಲವಣಗಳನ್ನುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಹಬ್ಬುತ್ತವೆ. ಬಿರುಗಾಳಿ ನಡೆದ ಹಾದಿ ಉಪಗ್ರಹದ ಕಣ್ಣಿಗೆ ಹಸುರಾಗಿ ಕಾಣುವುದುಂಟು. ಮೀನಿನ ಆಹಾರಕ್ಕೆ ಮೂಲವಾದ ಈ ಹಸುರನ್ನು ಅಮೃತವೆನ್ನೋಣ. ಆದರೆ ಮಥನದಲ್ಲಿ ಹಾಲಾಹಲವೂ ಬರಬೇಕಷ್ಟೆ. ಅರಬ್ಬೀ ಸಮುದ್ರದ ನಡು ಆಳದಲ್ಲಿ ಆಮ್ಲಜನಕ ತೀರ ಕಡಮೆಯಾದ ನೀರಿನ ದೊಡ್ಡದೊಂದು ಪದರವಿದೆ. ಆ ನೀರು ಮೇಲಕ್ಕೆದ್ದರೆ ಮೀನಿಗೆ ಉಸಿರುಗಟ್ಟುತ್ತದೆ. ಸತ್ತ ಸಸ್ಯರಾಶಿ ಕೆಳಗಿಳಿದು ಕೊಳೆಯುವಾಗ ಉಳಿದ ಆಮ್ಲಜನಕವೂ ಸವೆಯುತ್ತದೆ.

ಇದರ ಭಾರ ಬೀಳುವುದು ಯಾರ ಮೇಲೆ? ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳು ಜೂನ್, ಜುಲೈ ಎರಡು ತಿಂಗಳು ದಡದಲ್ಲಿ ನಿಲ್ಲುತ್ತವೆ. ಮೀನಿನ ಸಂತಾನಕ್ಕೂ ಮೀನುಗಾರನ ಜೀವಕ್ಕೂ ಒದಗುವ ವಿವೇಕದ ಕಟ್ಟಳೆಯದು. ತೌಕ್ತೆ ಆ ಕಟ್ಟಳೆಗೆ ಮುನ್ನವೇ ಬಂದಿತು. 2017ರ ನವೆಂಬರಿನ ಕೊನೆಗೆ ಒಖಿ ಎದ್ದಾಗ ಕೇರಳ, ತಮಿಳುನಾಡುಗಳ ಎಷ್ಟೋ ದೋಣಿಗಳು ಆಗಲೇ ದೂರದ ಕಡಲು ಸೇರಿದ್ದವು. ಮರಳಿ ಬಾರದವರು ನೂರಾರು ಮಂದಿ. ಅವರ ತಂದೆತಾತಂದಿರ ಕಡಲರಿವು ಹುಸಿಯೆಂದು ನಾನು ಹೇಳಲಾರೆ. ಆ ಅರಿವನ್ನು ಕಲಿಸಿದ ಕಡಲೇ ಈಗ ಬೇರೆಯಾಗಿದೆ.

ಆದುದರಿಂದ ಮುನ್ನೆಚ್ಚರಿಕೆ ಬಂದರಿನ ಹಲಗೆಯ ಮೇಲೆ ನಿಂತರೆ ಸಾಲದು. ಅದು ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ನಡುಗಡಲಿನ ದೋಣಿಯನ್ನು ತಲಪಬೇಕು. ಶಾಲೆಯ ಪಾಠವೂ ಹೊಸದಾಗಬೇಕು. ಪಡುಗಡಲು ಸೌಮ್ಯವೆಂದು ಇನ್ನು ಮೇಲೆ ಮಕ್ಕಳಿಗೆ ಹೇಳಿಕೊಡುವುದು ಅಪಾಯದ ಮಾತು.