ಕುದುರೆಯ ಕನ್ನಡಕಕ್ಕೆ ಕೋಟಿ ಡಾಲರಿನ ಜಾತ್ರೆ

ದನದ ಡಾಕ್ಟರಾಗಿ ನೌಕರಿ ಮುಗಿಸಿದವನನ್ನು ‘ಡಾಕ್ಟರ್ ಡೂಲಿಟಲ್’ ಮುಂದೆ ಕೂರಿಸಿದರೆ ಹಾಡಿಗಿಂತ ಮೊದಲು ಅವನ ಕಣ್ಣು ಪ್ರಾಣಿಗಳ ಮೇಲೆ ಹೋಗುತ್ತದೆ. 1967ರ ಈ ಸಂಗೀತಮಯ ಚಿತ್ರ ನನಗೆ ರುಚಿಸದಿರುವುದಕ್ಕೂ ಅದೇ ಕಾರಣ. ಪರದೆ ತುಂಬ ಪ್ರಾಣಿಗಳು. ಕನಿಕರ ಮಾತ್ರ ಅಷ್ಟಕ್ಕಷ್ಟೆ.

ಕತೆ ಹುಟ್ಟಿದ್ದೇ ಕನಿಕರದಿಂದ. ಅದನ್ನು ಬರೆದ ಹ್ಯೂ ಲಾಫ್ಟಿಂಗ್ ಮೊದಲ ಮಹಾಯುದ್ಧದಲ್ಲಿ ಐರಿಷ್ ಗಾರ್ಡ್ಸ್ ಪಡೆಯಲ್ಲಿದ್ದ. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆ, ಗಾಯಗೊಂಡ ಕುದುರೆಗೆ ಗುಂಡು. ಅದನ್ನು ಕಂಡವನು ಮಕ್ಕಳಿಗೆ ಚಿತ್ರ ಬಿಡಿಸಿ ಬರೆದ ಕಾಗದಗಳಲ್ಲಿ ಪ್ರಾಣಿಗಳ ಭಾಷೆ ಕಲಿತ ವೈದ್ಯನನ್ನು ಸೃಷ್ಟಿಸಿದ. 1920ರಲ್ಲಿ ಅದು ಪುಸ್ತಕವಾಯಿತು. ಅದರಲ್ಲೊಂದು ಉಳುವ ಕುದುರೆಯಿದೆ. ಗುಡ್ಡದಾಚೆಯ ಪಶುವೈದ್ಯ ಆರು ವಾರದಿಂದ ಕಾಲಿನ ರೋಗಕ್ಕೆ ಔಷಧಿ ಕೊಡುತ್ತಿದ್ದಾನೆ, ತನಗೆ ಬೇಕಿರುವುದು ಕನ್ನಡಕ ಎಂದು ಅದರ ದೂರು. ನಮ್ಮ ಕಸುಬಿನ ಮೇಲೆ ಇಷ್ಟು ಚೊಕ್ಕ ತಮಾಷೆಯನ್ನು ನಾನು ಬೇರೆಲ್ಲೂ ಓದಿಲ್ಲ. ಕೊಟ್ಟಿಗೆಯಲ್ಲಿ ಹಸು ತಲೆ ತಗ್ಗಿಸಿ ನಿಂತರೆ ಮೂತಿ ಒಣಗಿದೆಯೇ ಮುಟ್ಟಿ ನೋಡಿ, ಮೆಲುಕು ಹಾಕಿತೇ ಎಂದು ಮನೆಯವರನ್ನು ಕೇಳಿ, ಎಡಪಕ್ಕೆಗೆ ಮುಷ್ಟಿ ಒತ್ತಿ ಹಿಡಿದು ನಾವು ಊಹಿಸಬೇಕು. ಅದೇನು ಬಾಯಿಬಿಟ್ಟು ಹೇಳುತ್ತದೆಯೇ?

ಚಿತ್ರದಲ್ಲೂ ಕುದುರೆ ಕನ್ನಡಕ ಹಾಕಿಕೊಳ್ಳುತ್ತದೆ. ಆದರೆ ಸುತ್ತಲೂ ಸುಮಾರು 1.7 ಕೋಟಿ ಡಾಲರಿನ ಜಾತ್ರೆ: ಡೂಲಿಟಲ್ ಪಾತ್ರದಲ್ಲಿ ರೆಕ್ಸ್ ಹ್ಯಾರಿಸನ್, ಪುಸ್ತಕದಲ್ಲಿಲ್ಲದ ನಾಯಕಿ, ಗುಲಾಬಿ ಬಣ್ಣದ ದೈತ್ಯ ಬಸವನಹುಳು, ಎರಡೂವರೆ ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಪಳಗಿಸಿದ ಪ್ರಾಣಿಗಳಿಗೆ ಬ್ರಿಟನ್ನಿನ ಕ್ವಾರಂಟೈನ್ ನಿಯಮ ಅಡ್ಡಬಂತು. ಅಲ್ಲಿಗೆಂದೇ ಬೇರೆ ಪ್ರಾಣಿಗಳನ್ನು ಹೊಸದಾಗಿ ಪಳಗಿಸಬೇಕಾಯಿತು. ಚಿತ್ರೀಕರಣಕ್ಕೆಂದು ಅಲ್ಲಿನ ಕಾಸಲ್ ಕೂಮ್ ಎಂಬ ಚೆಂದದ ಹಳ್ಳಿಯ ಹೊಳೆಗೆ ಕಟ್ಟೆ ಹಾಕಿದರು. ಮುಂದೆ ಧ್ರುವಯಾತ್ರೆಗಳಿಂದ ಹೆಸರಾದ ರಾನಲ್ಫ್ ಫೈನ್ಸ್ ಆಗ ಎಳೆಯ ಸೇನಾಧಿಕಾರಿ; ಸಿಟ್ಟಿಗೆದ್ದು ಆ ಕಟ್ಟೆಯನ್ನು ಸ್ಫೋಟಿಸಲು ಹೋಗಿ ಸಿಕ್ಕಿಬಿದ್ದ. (ಮಾಡಿದ್ದು ತಪ್ಪೇ. ಆದರೂ ಓದಿ ನಕ್ಕಿದ್ದೇನೆ.) ಮಳೆ ಬಿಡಲಿಲ್ಲ, ತಂಡ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಮರಳಿತು. 2 ಆಸ್ಕರ್ ಬಂದವು, ಹಾಕಿದ ದುಡ್ಡು ಬರಲಿಲ್ಲ.

ಮಳೆಯನ್ನು ದೂರುವವರು ದೂರಲಿ. ಪ್ರಾಣಿ ಹೇಳಿದ್ದನ್ನು ಕೇಳಿಸಿಕೊಳ್ಳುವವನ ಕತೆಯಿದು. ಇಲ್ಲಿ ವೈದ್ಯನಿಗೆ ಹಾಡಿ ಮುಗಿಯುವುದೇ ಇಲ್ಲ. 2020ರಲ್ಲಿ ಇನ್ನೊಂದು ಡೂಲಿಟಲ್ ಚಿತ್ರ ಬಂತು. ಅದರ ಪ್ರಾಣಿಗಳನ್ನು ಕಂಪ್ಯೂಟರಿನಲ್ಲೇ ಮಾಡಿದ್ದರು. ನಿಜವಾದ ಜೀವಗಳಿಗೆ ಸುಡುವ ದೀಪಗಳ ಕಾಟ ತಪ್ಪಿತಲ್ಲ ಎಂದು ನನಗೆ ಸಮಾಧಾನವೇ. ಆದರೆ ಅಲ್ಲೂ ಹುಲಿ, ಡ್ರ್ಯಾಗನ್ ಎಂದು ಗದ್ದಲ. ಮುಂದೆ ಯಾರಾದರೂ ಈ ಕತೆಗೆ ಕೈಹಾಕುವುದಾದರೆ, ಆ ಉಳುವ ಕುದುರೆಗೆ ಹತ್ತು ನಿಮಿಷ ಕೊಡಲಿ.